ದಾಖಲಾತಿ ಅರ್ಜಿಯಲ್ಲಿ ಇಲ್ಲದ ಪ್ರಶ್ನೆ: ಈ ಮಗು ‘ಹೌದು’ ಅನ್ನುವುದು ಹೇಗೆ?

ಬೆಳಗಾವಿಯಿಂದ ಖಾನಾಪುರಕ್ಕೆ ಸುಮಾರು 26 ಕಿಲೋಮೀಟರ್. ಪೀರನವಾಡಿ, ದೇಸೂರ ದಾಟಿದರೆ ಊರಿನ ಗದ್ದಲ ಹಿಂದೆ ಬಿದ್ದು ಮರಗಳು ಶುರುವಾಗುತ್ತವೆ. ಕೆಲವು ವರ್ಷಗಳ ಹಿಂದೆ ಬೆಳಗಾವಿಯ ಒಂದು ಮದ್ರಸದಲ್ಲಿ ಪಾಠ ಮಾಡುತ್ತಿದ್ದಾಗ ಈ ದಾರಿಯಲ್ಲಿ ನಾನು ಹಲವು ಭಾನುವಾರ ಹೋಗಿ ಬಂದಿದ್ದೇನೆ. ಜೊತೆಯಲ್ಲಿ ಪುತ್ತೂರು ಕಡೆಯ ಒಂದು ಬ್ಯಾರಿ ಕುಟುಂಬ ಇರುತ್ತಿತ್ತು. ಯಜಮಾನರು ಬೆಳಗಾವಿ ಪೇಟೆಯ ಹೋಟೆಲೊಂದರಲ್ಲಿ ಕೆಲಸಕ್ಕಿದ್ದರು. ಅವರ ಹದಿಮೂರು ವರ್ಷದ ಮಗ ಆ ರಸ್ತೆಯ ಒಂದು ವಸತಿ ಕೇಂದ್ರದಲ್ಲಿದ್ದ.

ಹುಡುಗನಿಗೆ ಹುಟ್ಟಿನಿಂದಲೇ ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿಗೆ ಆದ ಪೆಟ್ಟಿನಿಂದ ಕೈಕಾಲು, ಕುತ್ತಿಗೆ, ನಾಲಿಗೆ ಹಿಡಿತಕ್ಕೆ ಬಾರದ ಸ್ಥಿತಿ. ನಡೆಯಲಾರ, ಕೂರಲು ಆಸರೆ ಬೇಕು, ಒಂದೂ ಮಾತಿಲ್ಲ. ಹನ್ನೆರಡು ವರ್ಷ ಉಮ್ಮ ಎತ್ತಿ ಎತ್ತಿಯೇ ಸಾಕಿದರು. ಕೊನೆಗೆ ಅವರ ಬೆನ್ನು ಸೋತಿತು. ಮನೆಯಲ್ಲಿ ಇನ್ನಿಬ್ಬರು ಸಣ್ಣ ಮಕ್ಕಳು. ಬಾಡಿಗೆ ಮನೆ ಇದ್ದದ್ದು ಮಹಡಿ ಮೇಲೆ. ಹಾಗಾಗಿ ಕೇಂದ್ರಕ್ಕೆ ಸೇರಿಸಿದರು. ಇದನ್ನು ಕೇಳಿ “ಹೆತ್ತ ಮಗುವನ್ನು ಬಿಟ್ಟು ಬಂದರಾ?” ಎಂದವರು ನಮ್ಮವರಲ್ಲೇ ಇದ್ದರು. ಹಾಗೆ ಅಂದವರಲ್ಲಿ ಒಬ್ಬರಾದರೂ ಒಂದು ರಾತ್ರಿ ಬಂದು ಆ ಹುಡುಗನನ್ನು ಎತ್ತಿ ಮಗ್ಗುಲು ಬದಲಿಸಿದ್ದರೆ ಆ ಮಾತು ಬರುತ್ತಿರಲಿಲ್ಲ.

ಸೇರಿಸಿದ ಎರಡೇ ವಾರದಲ್ಲಿ ಕೇಂದ್ರದಿಂದ ಫೋನು. ಹುಡುಗ ಊಟ ಮಾಡುತ್ತಿಲ್ಲ, ರಾತ್ರಿ ಮಲಗಿಸಿದ ಕೂಡಲೇ ಕಿರುಚುತ್ತಾನೆ, ಬೇರೆ ಮಕ್ಕಳಿಗೆ ನಿದ್ದೆ ಇಲ್ಲ. ಕನ್ನಡದಲ್ಲಿ ಮಾತಾಡಲು ಜೊತೆಗಿರಲಿ ಎಂದು ಉಮ್ಮ ನನ್ನನ್ನೂ ಕರೆದುಕೊಂಡು ಹೋದರು. ಅಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಹೆಂಗಸರನ್ನು ಎಲ್ಲರೂ ‘ಮಾವಶಿ’ ಅನ್ನುತ್ತಾರೆ. ಒಬ್ಬ ಮಾವಶಿ ಬಹಳ ನೊಂದು ಹೇಳಿದರು: “ಏನ್ ಮಾಡೂದ್ರಿ ಸರ, ಅಂವಾ ಏನೂ ಹೇಳೂದಿಲ್ಲ, ಏನೂ ತಿಳಿಯೂದಿಲ್ಲ. ಬರೇ ಹಟಾ ಮಾಡ್ತಾನ.”

ಉಮ್ಮ ಮಗನ ಬಳಿ ಕುಳಿತು ಬ್ಯಾರಿಯಲ್ಲಿ ಏನೋ ಕೇಳಿದರು. ಹುಡುಗ ಕಣ್ಣು ಮೇಲೆ ಎತ್ತಿ ಛಾವಣಿ ನೋಡಿದ. ಇನ್ನೊಂದು ಕೇಳಿದರು. ಗಟ್ಟಿಯಾಗಿ ಕಣ್ಣು ಮುಚ್ಚಿದ. ಅವರು ನನ್ನ ಕಡೆ ತಿರುಗಿ ಅಂದರು: “ಉಸ್ತಾದ್, ಅವನು ಮೇಲೆ ನೋಡಿದ್ರೆ ಹೌದು, ಕಣ್ಣು ಮುಚ್ಚಿದ್ರೆ ಬೇಡ. ಎಡ ಮಗ್ಗುಲಲ್ಲಿ ಮಲಗಿಸಿದ್ರೆ ಸೊಂಟ ನೋಯ್ತದೆ, ಅದಕ್ಕೆ ಕೂಗುವುದು. ಇದು ಇಲ್ಲಿ ಯಾರಿಗೂ ಗೊತ್ತಿಲ್ವಾ?”

ಯಾರಿಗೂ ಗೊತ್ತಿರಲಿಲ್ಲ. ತಪ್ಪು ಮಾವಶಿಯದಲ್ಲ, ಅವರಿಗೆ ಯಾರೂ ಹೇಳಿರಲಿಲ್ಲ. ದಾಖಲಾತಿ ಅರ್ಜಿ ತೆಗೆಸಿ ನೋಡಿದೆ. ಹುಟ್ಟಿದ ದಿನಾಂಕ, ಆದಾಯ ಪ್ರಮಾಣಪತ್ರ, ಅಂಗವಿಕಲತೆಯ ಶೇಕಡಾವಾರು, ಫಿಟ್ಸ್ ಮಾತ್ರೆಯ ಹೆಸರು, ಎಲ್ಲಕ್ಕೂ ಕಾಲಂ ಇತ್ತು. ಈ ಮಗು ಹೌದು ಅನ್ನುವುದು ಹೇಗೆ, ಬೇಡ ಅನ್ನುವುದು ಹೇಗೆ, ನೋವಾದರೆ ಏನು ಮಾಡುತ್ತದೆ, ಇದಕ್ಕೆ ಕಾಲಂ ಇರಲಿಲ್ಲ. ಹನ್ನೆರಡು ವರ್ಷ ಒಬ್ಬ ತಾಯಿ ಕಲಿತದ್ದೆಲ್ಲ ಗೇಟಿನ ಹೊರಗೇ ಉಳಿದಿತ್ತು.

ಯಾವ ಭಾಷೆಯಲ್ಲಿ ಕೇಳಿದರು?

ಇನ್ನೊಂದು ವಿಷಯ ನನಗೆ ಹೊಳೆದದ್ದು ವಾಪಸ್ ಬರುವಾಗ, ಬಸ್ಸಿನಲ್ಲಿ. ಆ ಕೇಂದ್ರದಲ್ಲಿ ಮಾವಶಿಯರು ತಮ್ಮೊಳಗೆ ಮರಾಠಿ ಮಾತಾಡುತ್ತಾರೆ. ಟೀಚರ್ ಕನ್ನಡ. ಕೆಲವು ಮಕ್ಕಳ ಮನೆಯಲ್ಲಿ ಉರ್ದು. ಖಾನಾಪುರದ ಆಚೆ ಗೋವಾ ಗಡಿಯ ಕಡೆಯಿಂದ ಬಂದವರಿಗೆ ಕೊಂಕಣಿ. ನೀರು, ಪಾಣಿ, ಪಾನಿ, ಉದಕ, ಒಂದೇ ಲೋಟಕ್ಕೆ ಅಲ್ಲಿ ಇಷ್ಟು ಹೆಸರು. ನಮ್ಮ ಹುಡುಗ ಹುಟ್ಟಿದಾಗಿನಿಂದ ಕೇಳಿದ್ದು ಬ್ಯಾರಿ ಮಾತ್ರ. ಮರಾಠಿಯಲ್ಲಿ ಕೇಳಿದರು, ಸುಮ್ಮನೆ ನೋಡಿದ. ಕನ್ನಡದಲ್ಲಿ ಕೇಳಿದರು, ಸುಮ್ಮನೆ ನೋಡಿದ. ಫೈಲಿನಲ್ಲಿ ‘ತಿಳಿವಳಿಕೆ ಇಲ್ಲ’ ಎಂದು ಬರೆದಾಯಿತು.

ಬೆಳಗಾವಿಯಲ್ಲಿ ಅಂಗಡಿಯ ಬೋರ್ಡು ಯಾವ ಭಾಷೆಯಲ್ಲಿ ಇರಬೇಕೆಂದು ಜಗಳವೇ ನಡೆಯುತ್ತದೆ. ಈ ಹುಡುಗನ ಮುಂದೆ ಹಿಡಿಯುವ ಬೋರ್ಡು ಯಾವ ಭಾಷೆಯಲ್ಲಿರಬೇಕು ಎಂದು ಮಾತ್ರ ಯಾರೂ ಕೇಳಲಿಲ್ಲ, ನಾವೂ ಕೇಳಲಿಲ್ಲ. ನಮ್ಮ ಭಾಷೆಗೆ 2007ರಲ್ಲಿ ಸಾಹಿತ್ಯ ಅಕಾಡಮಿ ಬಂತು, ಸಂತೋಷ. ಆದರೆ ಬ್ಯಾರಿ ಮನೆಯ ಮಾತು ಬಾರದ ಮಗುವಿಗೆ ಬೇಕಾಗಿರುವುದು ಇಪ್ಪತ್ತು ಶಬ್ದ. ಅದನ್ನು ಕನ್ನಡ ಲಿಪಿಯಲ್ಲಿ ಬರೆದು ಮಾವಶಿಯ ಕೈಗೆ ಕೊಟ್ಟರೆ ಸಾಕು, ಅವರು ಓದಿ ಹೇಳುತ್ತಾರೆ.

ಒಂದು ನೋಟ್‌ಬುಕ್

ಮುಂದಿನ ಭಾನುವಾರ ಇನ್ನೂರು ಪುಟದ ಒಂದು ನೋಟ್‌ಬುಕ್ ತೆಗೆದುಕೊಂಡು ಹೋದೆವು. ಉಮ್ಮ ಹೇಳಿದರು, ನಾನು ಬರೆದೆ. ಅಲ್ಲಿನ ಟೀಚರ್ ಅದನ್ನೇ ಮರಾಠಿಯಲ್ಲೂ ಬರೆದುಕೊಟ್ಟರು. ಹುಡುಗನೇ ಮಾತಾಡುವ ಹಾಗೆ ಬರೆದೆವು: “ನಾನು ಮೇಲೆ ನೋಡಿದರೆ ಹೌದು. ಉತ್ತರ ಕೊಡಲು ನನಗೆ ಸ್ವಲ್ಪ ಹೊತ್ತು ಬೇಕು, ಮನಸ್ಸಿನಲ್ಲಿ ಹತ್ತು ಎಣಿಸಿ. ನನ್ನನ್ನು ಬಲ ಮಗ್ಗುಲಲ್ಲಿ ಮಲಗಿಸಿ. ತುಟಿ ಕಚ್ಚಿಕೊಂಡರೆ ಹೊಟ್ಟೆ ನೋವು. ಗಂಜಿ ಇಷ್ಟ, ಬಿಸಿ ಇದ್ದರೆ ಬೇಡ. ಎತ್ತುವ ಮೊದಲು ಹೇಳಿ ಎತ್ತಿ, ಇಲ್ಲದಿದ್ದರೆ ಹೆದರುತ್ತೇನೆ.” ಒಟ್ಟು ಆರು ಪುಟ. ಕಣ್ಣು ಎತ್ತಿದ ಫೋಟೋ, ಮುಚ್ಚಿದ ಫೋಟೋ ಎರಡನ್ನೂ ಮೊಬೈಲಿನಲ್ಲಿ ತೆಗೆದು, ಪ್ರಿಂಟ್ ಹಾಕಿಸಿ ಅಂಟಿಸಿದೆವು.

ಇದು ನಮ್ಮ ತಲೆಯಿಂದ ಬಂದ ಹೊಸ ಉಪಾಯ ಎಂದುಕೊಂಡಿದ್ದೆ. ಆಮೇಲೆ ಒಬ್ಬ ಸ್ಪೀಚ್ ಥೆರಪಿಸ್ಟ್ ಹೇಳಿದರು, ಇದಕ್ಕೆ ‘ಕಮ್ಯುನಿಕೇಶನ್ ಪಾಸ್‌ಪೋರ್ಟ್’ ಎಂಬ ಹೆಸರಿದೆ. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಸ್ಯಾಲಿ ಮಿಲ್ಲರ್ ಎಂಬವರು 1990ರ ದಶಕದಲ್ಲಿ ಇದನ್ನು ರೂಢಿಗೆ ತಂದರು. ಮಗು ಎಲ್ಲಿಗೆ ಹೋದರೂ ಪುಸ್ತಕ ಜೊತೆಗೆ ಹೋಗಬೇಕು, ಆಸ್ಪತ್ರೆಗೂ ಕೂಡ. ವಸತಿ ಕೇಂದ್ರಗಳಲ್ಲಿ ಇದು ಯಾಕೆ ಮುಖ್ಯ ಎನ್ನುವುದು ನಮಗೆ ಬೇಗನೆ ತಿಳಿಯಿತು. ಹುಡುಗನನ್ನು ಚೆನ್ನಾಗಿ ಅರ್ಥ ಮಾಡಿಕೊಂಡ ಮಾವಶಿ ನಾಲ್ಕೇ ತಿಂಗಳಲ್ಲಿ ಮಗಳ ಬಾಣಂತನಕ್ಕೆಂದು ಕೆಲಸ ಬಿಟ್ಟರು. ಹೊಸಬರು ಬಂದರು. ಆ ನೋಟ್‌ಬುಕ್ ಇಲ್ಲದಿದ್ದರೆ ಹುಡುಗ ಮತ್ತೆ ಮೊದಲ ದಿನಕ್ಕೇ ಹೋಗಿ ನಿಲ್ಲುತ್ತಿದ್ದ.

ಪವಾಡ ಏನೂ ಆಗಲಿಲ್ಲ, ಅದನ್ನೂ ಹೇಳಬೇಕು. ಅವನಿಗೆ ಮಾತು ಬರಲಿಲ್ಲ. ಆದರೆ ರಾತ್ರಿಯ ಕಿರುಚಾಟ ಮೊದಲ ವಾರದಲ್ಲೇ ಕಡಿಮೆಯಾಯಿತು. ಗಂಜಿಯ ಬಟ್ಟಲು ಒಂದು ಕಡೆ, ಹಾಲಲ್ಲಿ ನೆನೆಸಿದ ಚಪಾತಿ ಇನ್ನೊಂದು ಕಡೆ ಹಿಡಿದರೆ ಬೇಕಾದ್ದನ್ನು ನೋಡಿ ತೋರಿಸಲು ಕಲಿತ. ಒಂದು ದಿನ ಎರಡಕ್ಕೂ ಕಣ್ಣು ಮುಚ್ಚಿದ. ಹಟ ಅನ್ನದೆ ಬಾಯಿ ತೆರೆಸಿ ನೋಡಿದರೆ ದವಡೆ ಹಲ್ಲು ಹುಳುಕಾಗಿತ್ತು. ಮುಂಚೆಯಾಗಿದ್ದರೆ ಆ ಹಲ್ಲುನೋವಿಗೂ ‘ಹಟ’ ಎಂಬ ಹೆಸರೇ ಸಿಗುತ್ತಿತ್ತು.

ಮಾತಿಲ್ಲದ ಮಾತು

ಮಾತು ಬಾರದವರಿಗೆ ಮಾತಿನ ಜೊತೆಗೆ ಅಥವಾ ಮಾತಿನ ಬದಲಿಗೆ ಕೊಡುವ ದಾರಿಗಳಿಗೆ ‘ಪರ್ಯಾಯ ಸಂವಹನ’ ಅನ್ನುತ್ತಾರೆ. ಕಣ್ಣಿನ ನೋಟ, ಸನ್ನೆ, ವಸ್ತು, ಚಿತ್ರ, ಅಕ್ಷರ ಫಲಕ, ಮಾತಾಡುವ ಯಂತ್ರ, ಎಲ್ಲ ಇದರಲ್ಲಿ ಸೇರುತ್ತದೆ. ಚಾರ್ಲ್ಸ್ ಬ್ಲಿಸ್ ಎಂಬವರು ಬೇರೆ ಉದ್ದೇಶಕ್ಕೆ ಕಟ್ಟಿದ ಚಿತ್ರಲಿಪಿಯನ್ನು 1971ರಲ್ಲಿ ಕೆನಡಾದ ಟೊರಾಂಟೊದ ಒಂದು ಮಕ್ಕಳ ಕೇಂದ್ರದಲ್ಲಿ ಶರ್ಲಿ ಮೆಕ್‌ನಾಟನ್ ಮತ್ತು ಸಂಗಡಿಗರು ಸೆರೆಬ್ರಲ್ ಪಾಲ್ಸಿಯ ಮಕ್ಕಳಿಗೆ ಕಲಿಸಿದರು. ನಮ್ಮ ದೇಶದಲ್ಲಿ ಮಿಥು ಅಲೂರ್ ತಮ್ಮ ಮಗಳಿಗಾಗಿ ಶಾಲೆ ಸಿಗದೆ 1972ರಲ್ಲಿ ಮುಂಬೈಯಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಕಟ್ಟಿದರು. ಆ ಮಗಳು ಮಾಲಿನಿ ಚಿಬ್ ಒಂದೇ ಬೆರಳಿನಿಂದ ಟೈಪ್ ಮಾಡಿ ಆತ್ಮಕತೆ ಬರೆದರು. ಚೆನ್ನೈಯ ಅಜಿತ್ ನಾರಾಯಣನ್ ತಂಡ ‘ಆವಾಜ್’ ಎಂಬ ಸಾಧನ ಮಾಡಿತು. ಮಗು ಚಿತ್ರ ಮುಟ್ಟಿದರೆ ಅದು ಮಾತಾಡುತ್ತದೆ. ಈಗ ಅದು ಟ್ಯಾಬ್‌ನಲ್ಲೂ ಸಿಗುತ್ತದೆ.

ಚಿತ್ರವೂ ಅರ್ಥವಾಗದಷ್ಟು ತೀವ್ರ ತೊಂದರೆ ಇರುವ ಮಕ್ಕಳೂ ಇದ್ದಾರೆ. ಅಂಥವರಿಗೆ ವಸ್ತುಗಳೇ ಭಾಷೆ. ಊಟಕ್ಕೆ ಮೊದಲು ದಿನಾ ಅದೇ ಚಮಚ ಕೈಗೆ ಮುಟ್ಟಿಸುವುದು, ಸ್ನಾನಕ್ಕೆ ಮೊದಲು ಟವೆಲ್, ಹೊರಗೆ ಹೋಗುವುದಕ್ಕೆ ಚಪ್ಪಲಿ. ಮುಂದೆ ಏನು ನಡೆಯುತ್ತದೆ ಎಂದು ತಿಳಿದ ಮಗುವಿಗೆ ಭಯ ಕಡಿಮೆ. ಅದೂ ಸಾಧ್ಯವಿಲ್ಲದಿದ್ದರೆ ಮಗು ಮಾಡುವ ಸದ್ದನ್ನೇ ನಾವೂ ಮಾಡಿ, ಅದರ ಉಸಿರಿನ ವೇಗಕ್ಕೆ ನಮ್ಮದನ್ನು ಹೊಂದಿಸಿ ಜೊತೆಗೆ ಕೂರುವುದು. 1980ರ ದಶಕದಲ್ಲಿ ಇಂಗ್ಲೆಂಡಿನ ಹಾರ್ಪರ್‌ಬರಿ ಎಂಬ ದೊಡ್ಡ ವಸತಿ ಆಸ್ಪತ್ರೆಯ ಶಾಲೆಯಲ್ಲಿ ಡೇವ್ ಹೆವೆಟ್, ಮೆಲನಿ ನಿಂಡ್ ಮೊದಲಾದ ಶಿಕ್ಷಕರು ಈ ಕ್ರಮ ಬೆಳೆಸಿದರು. ನಮ್ಮ ಅಜ್ಜಿಯಂದಿರು ತೊಟ್ಟಿಲ ಮಗುವಿನ ಜೊತೆ ಮಾಡುತ್ತಿದ್ದದ್ದೂ ಬಹುಮಟ್ಟಿಗೆ ಇದನ್ನೇ.

“ಚಿತ್ರ ಕೊಟ್ಟರೆ ಮಾತು ಬರುವುದೇ ನಿಂತುಹೋಗ್ತದಲ್ವಾ?” ಎಂದು ಉಮ್ಮಂದಿರು ಕೇಳುತ್ತಾರೆ. ಇಲ್ಲ. ಈ ಬಗ್ಗೆ ನಡೆದ ಅಧ್ಯಯನಗಳನ್ನು ಒಟ್ಟಿಗೆ ತೂಗಿದ ಒಂದು ವರದಿ 2006ರಲ್ಲಿ ಬಂತು. ಗಟ್ಟಿ ಆಧಾರ ಇದ್ದ 27 ಪ್ರಕರಣಗಳಲ್ಲಿ ಒಂದರಲ್ಲೂ ಮಾತು ಕಡಿಮೆಯಾಗಿರಲಿಲ್ಲ, ಹೆಚ್ಚಿನವರಲ್ಲಿ ಸ್ವಲ್ಪ ಜಾಸ್ತಿಯೇ ಆಗಿತ್ತು.

ಒಂದು ಎಚ್ಚರಿಕೆ. ಮಗುವಿನ ಕೈಯನ್ನು ನಾವೇ ಹಿಡಿದು ಅಕ್ಷರದ ಮೇಲೆ ಇಡಿಸಿ “ನೋಡಿ, ಅವನೇ ಬರೆದ” ಎಂದು ಹೇಳುವ ಪದ್ಧತಿಯೂ ಇದೆ. ಪರೀಕ್ಷಿಸಿ ನೋಡಿದಾಗಲೆಲ್ಲ ಅಲ್ಲಿ ಮಾತಾಡಿದ್ದು ಕೈ ಹಿಡಿದವರು, ಮಗು ಅಲ್ಲ ಎಂದೇ ಕಂಡಿದೆ. ಮಗುವಿನ ಉತ್ತರ ಮಗುವಿನದ್ದೇ ಆಗಿರಬೇಕು, ಅದು ಕಣ್ಣೆವೆಯಷ್ಟು ಸಣ್ಣದಾದರೂ ಸರಿ.

ನಾನು ವಾಪಸ್ ಕಳಿಸಿದ ಮಗು

ಇಲ್ಲಿ ನನ್ನದೊಂದು ತಪ್ಪು ಹೇಳಬೇಕು. ಬೆಳಗಾವಿಗೆ ಬರುವ ಮುಂಚೆ, ಊರಿನ ಮದ್ರಸದಲ್ಲಿದ್ದಾಗ ಒಬ್ಬ ತಂದೆ ಮಾತು ಬಾರದ ಮಗಳನ್ನು ಎತ್ತಿಕೊಂಡು ಬಂದಿದ್ದರು. “ಸುಮ್ಮನೆ ಕೂತಿರ್ಲಿ ಉಸ್ತಾದ್, ಮಕ್ಕಳ ಜೊತೆ” ಎಂದರು. ನಾನು, “ಇವಳಿಗೆ ನಮಾಝ್, ನೋಂಬು ಯಾವುದೂ ಕಡ್ಡಾಯವಿಲ್ಲ, ಸುಮ್ಮನೆ ಯಾಕೆ ಕಷ್ಟ ಕೊಡ್ತೀರಿ?” ಎಂದು ಹೇಳಿ ಕಳಿಸಿದೆ. ಮಸ್ಅಲಾ ಸರಿಯಾಗಿಯೇ ಹೇಳಿದ್ದೆ. ಆದರೆ ಆ ತಂದೆ ಕೇಳಿದ್ದು ಮಸ್ಅಲಾ ಅಲ್ಲ, ಮಗಳಿಗೆ ನಾಲ್ಕು ಮಕ್ಕಳ ಜೊತೆ ಒಂದು ಜಾಗ. ಬುದ್ಧಿ ಬೆಳೆಯದವರ ಮೇಲಿಂದ ಕಲಂ ಎತ್ತಲಾಗಿದೆ ಎಂದು ನಾವು ಕಲಿತಿದ್ದೇವೆ. ಎತ್ತಿದ್ದು ಅವರ ಹೊಣೆಯನ್ನು, ನಮ್ಮದನ್ನಲ್ಲ. ಅಲ್ಲದೆ, ಮಾತು ಬಾರದವರೆಲ್ಲ ಬುದ್ಧಿ ಬೆಳೆಯದವರು ಎಂದು ನನಗೆ ಹೇಳಿದ್ದಾದರೂ ಯಾರು? ಅವಳನ್ನು ನಾನು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ.

ನಾವು ಓದಿದ ಕಿತಾಬುಗಳಲ್ಲೇ ಇದಕ್ಕೆ ಬೇಕಾದಷ್ಟು ಇದೆ. ಮೂಕನ ಅರ್ಥವಾಗುವ ಸನ್ನೆ ಮಾತಿಗೆ ಸಮ. ವ್ಯಾಪಾರದಲ್ಲಿ, ನಿಕಾಹ್‌ನಲ್ಲಿ ಅದು ನಡೆಯುತ್ತದೆ ಎಂದು ಫಿಕ್ಹ್ ಹೇಳುತ್ತದೆ. ಝಕರಿಯಾ ನಬಿ ಮೂರು ದಿನ ಜನರೊಡನೆ ಸನ್ನೆಯಲ್ಲೇ ಮಾತಾಡಿದರು. ಮರ್ಯಂ ಬೀವಿ ಊರಿನವರ ಪ್ರಶ್ನೆಗೆ ಬಾಯಿ ತೆರೆಯದೆ ತೊಟ್ಟಿಲ ಕಡೆ ತೋರಿಸಿದರು. ಸನ್ನೆಯೂ ಉತ್ತರವೇ ಎಂದು ಮಕ್ಕಳಿಗೆ ಪಾಠ ಮಾಡಿದವನು ನಾನು. ಬಾಗಿಲಲ್ಲಿ ನಿಂತ ಮಗುವಿನ ವಿಷಯದಲ್ಲಿ ಮಾತ್ರ ಅದು ನೆನಪಾಗಲಿಲ್ಲ.

ಕಾನೂನು ಏನು ಹೇಳುತ್ತದೆ?

ಅಂಗವಿಕಲರ ಹಕ್ಕುಗಳ ಕಾಯ್ದೆ, 2016 ಸಂವಹನ ಎಂದರೇನು ಎಂದು ಹೇಳುವಾಗಲೇ ಬ್ರೈಲ್, ಸನ್ನೆ ಭಾಷೆ, ಸ್ಪರ್ಶ, ಚಿತ್ರ, ಪರ್ಯಾಯ ಸಂವಹನ ಎಲ್ಲವನ್ನೂ ಸೇರಿಸಿದೆ. ಮಾತಿನ ತೊಂದರೆ ಇರುವವರ ದಿನನಿತ್ಯದ ಅಗತ್ಯಕ್ಕೆ ಈ ವಿಧಾನಗಳನ್ನು ಉತ್ತೇಜಿಸಬೇಕು ಎಂದು 17ನೇ ಕಲಂ ಸರಕಾರಕ್ಕೆ ಹೇಳುತ್ತದೆ. ಶೇ. 40 ಅಥವಾ ಹೆಚ್ಚಿನ ಅಂಗವಿಕಲತೆ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಅಂಗವಿಕಲರ ಸಂಸ್ಥೆ ನಡೆಸುವವರು ನೋಂದಣಿ ಮಾಡಿಸಲೇಬೇಕು. ಮಗುವನ್ನು ಸೇರಿಸುವ ಮೊದಲು ನೋಂದಣಿ ಪತ್ರ ತೋರಿಸಿ ಎಂದು ಕೇಳಲು ಸಂಕೋಚ ಬೇಡ.

ಇನ್ನೊಂದು ವಿಷಯ ಹೇಳಲು ನಾಲಿಗೆ ತಡೆಯುತ್ತದೆ, ಆದರೂ ಹೇಳಬೇಕು. ಮಾತಾಡಲಾರದ ಮಗುವಿಗೆ ಯಾರಾದರೂ ಕೆಟ್ಟದ್ದು ಮಾಡಿದರೆ ಅದು ಯಾರಿಗೂ ಹೇಳದು ಎಂಬ ಧೈರ್ಯ ಕೆಟ್ಟವರಿಗೆ ಇರುತ್ತದೆ. 2012ರ ಪೋಕ್ಸೋ ಕಾಯ್ದೆ ಇಲ್ಲಿ ಒಂದು ದಾರಿ ಇಟ್ಟಿದೆ. ಅಂಗವಿಕಲ ಮಗುವಿನ ಹೇಳಿಕೆ ಪಡೆಯುವಾಗ ವಿಶೇಷ ಶಿಕ್ಷಕರ ಅಥವಾ ಆ ಮಗುವಿನ ಸಂವಹನದ ರೀತಿ ಬಲ್ಲವರ ನೆರವು ಪಡೆಯಬಹುದು. ಆದರೆ ರೀತಿ ಬಲ್ಲವರು ಇರಬೇಕಲ್ಲ? ಹೌದು, ಬೇಡ, ನೋವು, ಭಯ, ದೇಹದ ಭಾಗಗಳ ಹೆಸರು, ಇಷ್ಟನ್ನು ತೋರಿಸಲು ಮಗುವಿಗೆ ಮೊದಲೇ ಕಲಿಸಿದ್ದರೆ ಮಾತ್ರ ಆ ಕಲಂ ಉಪಯೋಗಕ್ಕೆ ಬರುತ್ತದೆ. ಸಂಶಯ ಬಂದರೆ ಮಕ್ಕಳ ಸಹಾಯವಾಣಿ 1098.

ಮನೆಯವರು ಏನು ಮಾಡಬಹುದು?

ಮೊದಲನೆಯದು, ಮಗು ಮನೆಯಲ್ಲಿದ್ದರೂ ಕೇಂದ್ರದಲ್ಲಿದ್ದರೂ ನೋಟ್‌ಬುಕ್ ಇವತ್ತೇ ಶುರು ಮಾಡಿ. ಹೌದು, ಬೇಡ, ನೋವು, ಹಸಿವು, ಭಯ, ಖುಷಿ, ಪ್ರತಿಯೊಂದಕ್ಕೂ ಮಗು ಏನು ಮಾಡುತ್ತದೆ ಎಂದು ಬರೆಯಿರಿ. ಹೇಗೆ ಕೂರಿಸಬೇಕು, ಹೇಗೆ ಉಣಿಸಬೇಕು, ಎಷ್ಟು ಹೊತ್ತು ಕಾಯಬೇಕು, ಅದೂ ಇರಲಿ. ಉಮ್ಮನಿಗೆ ಕನ್ನಡ ಬರೆಯಲು ಕಷ್ಟವಾದರೆ ಮನೆಯ ಹೈಸ್ಕೂಲ್ ಮಕ್ಕಳು ಬರೆಯಲಿ. ಆರು ತಿಂಗಳಿಗೊಮ್ಮೆ ತಿದ್ದಿ.

ಎರಡನೆಯದು, ಮನೆ ಮಾತಿನ ಇಪ್ಪತ್ತು ಶಬ್ದ ಬರೆದು ಕೇಂದ್ರದವರಿಗೆ ಕೊಡಿ. ಉಮ್ಮನ ಧ್ವನಿಯಲ್ಲೇ ಮೊಬೈಲಿಗೆ ರೆಕಾರ್ಡ್ ಮಾಡಿ ಕಳಿಸಿದರೆ ಇನ್ನೂ ಒಳ್ಳೆಯದು.

ಮೂರನೆಯದು, ದಿನಕ್ಕೆ ಒಂದಾದರೂ ಆಯ್ಕೆ ಕೊಡಿ. ಎರಡು ಅಂಗಿ ಹಿಡಿಯಿರಿ, ಎರಡು ತಿಂಡಿ ಹಿಡಿಯಿರಿ. ಕೇಳಿ, ಕಾಯಿರಿ. ನಾವು ಮೂರನೇ ಸೆಕೆಂಡಿಗೆ ಉತ್ತರವನ್ನೂ ನಾವೇ ಹೇಳಿಬಿಡುತ್ತೇವೆ, ಮಗುವಿನ ಉತ್ತರ ಬರುವ ಹೊತ್ತಿಗೆ ನಮ್ಮ ಬೆನ್ನು ಅದರ ಕಡೆ ಇರುತ್ತದೆ.

ನಾಲ್ಕನೆಯದು, ತಜ್ಞರಿಗೆ ಒಮ್ಮೆಯಾದರೂ ತೋರಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೇ ಕೆಲಸಕ್ಕಿದೆ, ಪರ್ಯಾಯ ಸಂವಹನದ ವಿಭಾಗವೂ ಅಲ್ಲಿದೆ. ಮಂಗಳೂರಿನವರಿಗೆ ಫಾದರ್ ಮುಲ್ಲರ್ ಮತ್ತು ಡಾ. ಎಂ.ವಿ. ಶೆಟ್ಟಿ ವಾಕ್ ಶ್ರವಣ ಕಾಲೇಜುಗಳು ಹತ್ತಿರ. ಯು.ಡಿ.ಐ.ಡಿ. ಕಾರ್ಡ್ ಮಾಡಿಸಿ. ಸೆರೆಬ್ರಲ್ ಪಾಲ್ಸಿ, ಆಟಿಸಂ, ಬುದ್ಧಿಮಾಂದ್ಯ, ಬಹುವಿಧ ವೈಕಲ್ಯ ಇರುವವರಿಗೆ ನ್ಯಾಷನಲ್ ಟ್ರಸ್ಟ್‌ನ ‘ನಿರಾಮಯ’ ವಿಮೆ 1 ಲಕ್ಷ ರೂಪಾಯಿವರೆಗೆ ಇದೆ. ಮಗುವಿಗೆ 18 ತುಂಬಿದ ಮೇಲೆ ಪೋಷಕತ್ವಕ್ಕೆ ಜಿಲ್ಲಾಧಿಕಾರಿಗಳ ಸಮಿತಿಗೆ ಅರ್ಜಿ ಹಾಕಬೇಕು ಎನ್ನುವುದೂ ನೆನಪಿರಲಿ.

ಇದು ಬೆಳಗಾವಿ, ಖಾನಾಪುರದ ಮಾತು ಮಾತ್ರ ಅಲ್ಲ. ಕೊಕ್ಕಡ, ಕೊಯಿಲದ ಪಾಲನಾ ಕೇಂದ್ರಗಳಲ್ಲಿ, ಗಡಿಯಾಚೆ ಕಾಸರಗೋಡಿನ ಎಣ್ಮಕಜೆಯಂಥ ಊರುಗಳಲ್ಲಿ ಎಂಡೋಸಲ್ಫಾನ್ ಬಾಧಿತ ಮಕ್ಕಳು ಎಷ್ಟೋ ಇದ್ದಾರೆ. ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಸಿಂಪಡಿಸಿದ ಆ ವಿಷವನ್ನು ಸುಪ್ರೀಂ ಕೋರ್ಟ್ 2011ರ ಮೇ ತಿಂಗಳಲ್ಲಿ ನಿಲ್ಲಿಸಿತು. ಪರಿಹಾರದ ಹಣದ ಬಗ್ಗೆ ನಾವು ಮಾತಾಡಿದ್ದೇವೆ, ಮಾತಾಡಲೇಬೇಕು. ಆದರೆ ಆ ಮಕ್ಕಳು ಹೌದು ಅನ್ನುವುದು ಹೇಗೆ ಎಂದು ಎಷ್ಟು ಜನ ಕೇಳಿದ್ದೇವೆ?

ನಮ್ಮ ಜಮಾಅತ್‌ಗಳು ರಮಝಾನಿನಲ್ಲಿ ಇಂಥ ಕೇಂದ್ರಗಳಿಗೆ ಹಣ್ಣು, ಬಟ್ಟೆ, ಬಿರಿಯಾನಿ ಕೊಂಡೊಯ್ಯುತ್ತವೆ. ಒಳ್ಳೆಯ ಕೆಲಸ. ಮುಂದಿನ ಸಲ ಜೊತೆಗೆ ಹತ್ತು ನೋಟ್‌ಬುಕ್, ಒಂದು ಪ್ರಿಂಟರ್, ಲ್ಯಾಮಿನೇಶನ್ ಖರ್ಚು ಇರಲಿ. ಬರೆಯಲು ಬರುವ ನಾಲ್ಕು ಹುಡುಗ ಹುಡುಗಿಯರು ಹೋಗಿ ಮಾವಶಿಯರ ಜೊತೆ ಕೂತು ಒಂದೊಂದು ಮಗುವಿನ ಪುಸ್ತಕ ಬರೆಯಲಿ. ಬಿರಿಯಾನಿ ಆ ರಾತ್ರಿಗೆ, ಪುಸ್ತಕ ವರ್ಷಗಟ್ಟಲೆಗೆ.

ನಾನು ಬೆಳಗಾವಿ ಬಿಡುವ ಹಿಂದಿನ ಭಾನುವಾರ ಕೊನೆಯದಾಗಿ ಹೋಗಿದ್ದೆ. ಹೊಸ ಮಾವಶಿ ಹುಡುಗನ ಮುಂದೆ ಕೂತು, ನೋಟ್‌ಬುಕ್ ನೋಡಿಕೊಂಡು, ತಪ್ಪುತಪ್ಪು ಬ್ಯಾರಿಯಲ್ಲಿ ಏನೋ ಕೇಳುತ್ತಿದ್ದರು. ಅವರ ಉಚ್ಚಾರಣೆ ಕೇಳಿ ಉಮ್ಮನಿಗೆ ನಗು ತಡೆಯಲಾಗಲಿಲ್ಲ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಮಾವಶಿ ಹತ್ತು ಎಣಿಸಿದರು. ಅವನು ನಿಧಾನಕ್ಕೆ ಕಣ್ಣು ಮೇಲೆತ್ತಿದ.

ಊರಿಗೆ ಬಂದ ಮೇಲೆ ಆ ತಂದೆಯ ಮನೆ ಹುಡುಕಿಕೊಂಡು ಹೋದೆ. ಮಗಳೀಗ ದೊಡ್ಡವಳಾಗಿದ್ದಾಳೆ. ಇನ್ನೂರು ಪುಟದ ಒಂದು ನೋಟ್‌ಬುಕ್ ಕೈಯಲ್ಲಿತ್ತು. ಮೊದಲು ಮಾಫಿ ಕೇಳಿದೆ, ಆಮೇಲೆ ಮೊದಲ ಪ್ರಶ್ನೆ ಕೇಳಿದೆ: “ಇವಳು ಹೌದು ಅನ್ನುವುದು ಹೇಗೆ?” ಹೇಳಲು ಆ ಮನೆಯಲ್ಲಿ ಎಲ್ಲರ ಬಳಿಯೂ ಮಾತಿತ್ತು. ಕೇಳಲು ಮಾತ್ರ ಅಷ್ಟು ವರ್ಷ ಯಾರೂ ಹೋಗಿರಲಿಲ್ಲ.